ನಿನ್ನೆಗಿಂತ ಕಮ್ಮಿ

ಮಾರ್ಚ್ ೩, ಸೋಮವಾರ

ಇವರ ಬಾಯಿಂದ ದಿನಾ ಯಾವ ಯಾವ ಮಾತು ಬರುತ್ತೋ ಬರೆದಿಡಿ ಅಂತ ಮಾತಿನ ಡಾಕ್ಟರು ಹೇಳಿದಾರೆ. ಬರೆಯೋಣ ಅಂತ ಕೂತರೆ ಬೆಳಗ್ಗೆಯಿಂದ ಬಂದದ್ದು ಎರಡೇ ಮಾತು. ಅದನ್ನ ಬೇರೆ ಹಾಳೆಯಲ್ಲಿ ಬರೆದು ಅವರಿಗೆ ಕೊಡ್ತೀನಿ. ಇದು ನನಗೆ. ತಲೆಯೊಳಗಿನದನ್ನ ಎಲ್ಲಾದರೂ ಇಳಿಸದಿದ್ದರೆ ನಾನೂ ಹಾಸಿಗೆ ಹಿಡಿದೇನು ಅಂತ ಭಯ.

ಇವರು ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ಹೋದ ತಿಂಗಳು ಬೋರ್ಡಿನ ಮುಂದೆಯೇ ಕುಸಿದುಬಿದ್ದರು. ಬಲಗೈ ಬಲಗಾಲಿನ ಸ್ವಾಧೀನ ಹೋಯಿತು, ಜೊತೆಗೆ ಮಾತೂ ಹೋಯಿತು. ಕೈಕಾಲಿಗೆ ನಾನು ಅಷ್ಟು ಅಳಲಿಲ್ಲ. ಮಾತಿನ ಮನುಷ್ಯ ಇವರು. ಸುಮ್ಮನಿದ್ದಾರೆ ಅಂದರೆ ಜ್ವರ ಬಂದಿದೆ ಅಂತಲೇ ಅರ್ಥ ನಮ್ಮ ಮನೆಯಲ್ಲಿ. ಶನಿವಾರ ಆಸ್ಪತ್ರೆಯಿಂದ ಬಿಟ್ಟರು. ಕೆಳಗಿನ ಜೆರಾಕ್ಸ್ ಅಂಗಡಿಯವರು ಕುರ್ಚಿ ಸಮೇತ ಎರಡನೇ ಮಹಡಿಗೆ ಹೊತ್ತು ತಂದರು, ಪುಣ್ಯಾತ್ಮರು.

ಬೆಳಗ್ಗೆ ಹಾಲು ಕೊಟ್ಟು, ಸಕ್ಕರೆ ಸಾಕಾ ಅಂತ ಕೇಳಿದೆ. ನನ್ನ ಮುಖ ನೋಡಿದರು. ತುಟಿ ಅಲ್ಲಾಡಿತು. ಆಮೇಲೆ ಕ್ಲಾಸಿನಲ್ಲಿ ಹೇಳೋ ಹಾಗೇ, ಒಂದಿಷ್ಟೂ ತೊದಲದೆ, "ಹೌ ಮೆನಿ ಆ್ಯಪಲ್ಸ್? ಎ ಫ್ಯೂ ಆ್ಯಪಲ್ಸ್" ಅಂದರು.

ಮನೆಯಲ್ಲಿ ಒಂದು ಸೇಬೂ ಇರಲಿಲ್ಲ. ಮಗಳನ್ನ ಕೂರಿಸಿ ಓಡಿಹೋಗಿ ತಂದೆ. ಮುಟ್ಟಿಯೂ ನೋಡಲಿಲ್ಲ.

ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ನನ್ನ ಹೆಸರು ಬರಲಿಲ್ಲ, ಸೇಬು ಬಂತು. ಬರೆಯೋಕೂ ನಾಚಿಕೆ ಆಗುತ್ತೆ, ಆದರೆ ಹೊಟ್ಟೆ ಉರೀತು.

ಮಾರ್ಚ್ ೬, ಗುರುವಾರ

ಮಾತಿನ ಡಾಕ್ಟರ ಹತ್ತಿರ ಇವತ್ತು ಕೇಳಿಯೇಬಿಟ್ಟೆ. ತಾಯಿ ಹಾಲಿನ ಜೊತೆ ಬಂದ ಮಾತು ಬಿಟ್ಟು ಇಂಗ್ಲಿಷ್ ಯಾಕೆ ಮೊದಲು ಬರ್ತಿದೆ? ಆಕೆ ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ತಾಳ್ಮೆ ಮಾತ್ರ ಅಜ್ಜಿಯದು. ಒಂದೇ ಧಾಟಿಯಲ್ಲಿ ಸಾವಿರ ಸಲ ಹೇಳಿದ್ದು ಹಾಡಿನ ಥರ ಇಡಿಯಾಗಿ ಉಳಿದುಬಿಡುತ್ತಂತೆ. ಎಲ್ಲರಿಗೂ ಹೀಗೇ ಆಗಬೇಕು ಅಂತಿಲ್ಲ, ಇವರಿಗೆ ಹೀಗಾಗಿದೆ. ಯಾವ ಬಾಗಿಲು ತೆರೆದಿದೆಯೋ ಅದರಲ್ಲೇ ಹೋಗೋಣ, ಕನ್ನಡ ಹಿಂದಿನಿಂದ ಬಂದೀತು ಅಂದರು. ಬಂದೀತು ಅಂದರು, ಬರುತ್ತೆ ಅನ್ನಲಿಲ್ಲ. ಅದನ್ನೇ ಬಸ್ಸಿನಲ್ಲಿ ಕೂತು ಮೆಲುಕು ಹಾಕಿದೆ.

ರೋಗಿಗೆ ಮೊದಲು ಬೇಕಾದ್ದು ಎಷ್ಟು, ಜಾಸ್ತಿ, ಕಮ್ಮಿ ಅನ್ನೋ ಮಾತಂತೆ. ಎಷ್ಟು ನೀರು ಬೇಕು, ಎಷ್ಟು ನೋವಿದೆ, ನಿನ್ನೆಗಿಂತ ಜಾಸ್ತಿಯೋ ಕಮ್ಮಿಯೋ. ಅಷ್ಟು ಹೇಳೋಕೆ ಬಂದರೆ ಅರ್ಧ ಗೆದ್ದ ಹಾಗೆ. ಇವರಿಗೆ ಉಳಿದಿರೋದೂ ಅದೇ ಪಾಠ.

ಆ ಪಾಠ ನನಗೂ ಗೊತ್ತು, ಅರ್ಥ ಗೊತ್ತಿಲ್ಲ, ರಾಗ ಗೊತ್ತು. ಮುಂದಿನ ಕೋಣೆಯಲ್ಲಿ ಇವರ ಟ್ಯೂಷನ್, ಪರದೆಯ ಈಚೆ ನನ್ನ ಹೊಲಿಗೆ ಮಷೀನು. ಗುಡ್ ಬೆಟರ್ ಬೆಸ್ಟ್, ಲಿಟಲ್ ಲೆಸ್ ಲೀಸ್ಟ್ ಅಂತ ಮಕ್ಕಳು ಕೂಗ್ತಿದ್ದರೆ ನನ್ನ ಕಾಲು ಪೆಡಲ್ ಮೇಲೆ ಅದೇ ತಾಳಕ್ಕೆ ಓಡೋದು. ಯಾರಾದರೂ ತಪ್ಪು ಹೇಳಿದರೆ ಇವರು ಬೆರಳ ಗಂಟಿನಿಂದ ಮೇಜಿನ ಮೇಲೆ ಟಕ್ ಅಂತ ಹೊಡೆಯೋರು. ಒಂದು ಸಲ ನಾನು ಯಾರಿಗೋ "ಟೂ ಮಚ್ ಗುಡ್" ಅಂದದ್ದಕ್ಕೂ ಟಕ್ ಅನ್ನಿಸಿದರು, ಅಷ್ಟೂ ಮಕ್ಕಳ ಮುಂದೆ. ಆವತ್ತಿಂದ ಇವರೆದುರು ನಾನು ಇಂಗ್ಲಿಷಿನ ಬಾಯಿಗೆ ಬೀಗ ಹಾಕಿಕೊಂಡೆ.

ಮಾರ್ಚ್ ೯, ಭಾನುವಾರ

ಭಾವ ಬಂದಿದ್ದರು, ಇವರ ಅಣ್ಣ. ಕೆಟ್ಟವರಲ್ಲ, ಆದರೆ ಯಾರ ಮನೆಗೆ ಹೋದರೂ ಮೊದಲು ಕುರ್ಚಿ ಮೇಜಿನ ಜಾಗ ಬದಲಾಯಿಸೋ ಸ್ವಭಾವ. ತಮ್ಮ ಊರಲ್ಲಿ ಒಂದು ಆರೈಕೆ ಕೇಂದ್ರ ಇದೆ, ದಾದಿಯರಿದಾರೆ, ಲಿಫ್ಟ್ ಇದೆ, ಅಲ್ಲಿ ಇಟ್ಟುಕೊಳ್ಳೋಣ ಅಂದರು. ಎಷ್ಟು ದಿನಕ್ಕೆ ಅಂತ ನಾನು ಕೇಳಿದ್ದಕ್ಕೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, ನೋಡೋಣ ಅಂದರು. ದಿನ ಅಲ್ಲ, ವರ್ಷಗಳ ಮಾತು ಅದು.

ಅವರು ಹೇಳೋದರಲ್ಲೂ ನ್ಯಾಯ ಇದೆ. ನಾನು ರೆಡಿಮೇಡ್ ಅಂಗಡಿಯಲ್ಲಿ ಆಲ್ಟ್ರೇಷನ್ ಮಾಡೋಳು, ಹತ್ತರಿಂದ ಐದು. ಮಗಳು ಕನ್ನಡಕದ ಅಂಗಡಿಗೆ ಹೋಗ್ತಾಳೆ. ನಮ್ಮ ಮ್ಯಾನೇಜರು ಹೆಚ್ಚೆಂದರೆ ಇನ್ನೊಂದು ತಿಂಗಳು ಕಾಯ್ತಾರೆ. ನಾನು ಕೆಲಸಕ್ಕೆ ಹೋದ ಮೇಲೆ ಹಗಲೆಲ್ಲ ಇವರು ಒಬ್ಬರೇ. ಏನಾದರೂ ಆದರೆ ಫೋನಿನಲ್ಲಿ ಹೇಳೋಕಾದರೂ ಬರಬೇಕಲ್ಲ?

ಕೊನೆಗೆ ಒಂದು ಒಪ್ಪಂದ ಆಯಿತು. ಇಪ್ಪತ್ತೆಂಟಕ್ಕೆ ಮಾತಿನ ಡಾಕ್ಟರು ಇವರನ್ನ ಪರೀಕ್ಷೆ ಮಾಡ್ತಾರೆ. ಕೇಳಿದ್ದಕ್ಕೆ ಸರಿಯಾಗಿ ಹೇಳ್ತಾರೆ, ಮನೆಯಲ್ಲಿ ಬಿಡಬಹುದು ಅಂತ ಅವರು ಅಂದರೆ ಇಲ್ಲೇ ಇರ್ತಾರೆ. ಇಲ್ಲದಿದ್ದರೆ ಭಾವ ಕರಕೊಂಡು ಹೋಗ್ತಾರೆ.

ಇವರ ಜೊತೆ ಬಾಳೋದು ಸುಲಭ ಇರಲಿಲ್ಲ, ಇಲ್ಲಿ ಬರೆಯೋಕೇನು. ಆದರೂ ಇವರಿಲ್ಲದ ಮನೆಗೆ ಸಂಜೆ ಬಂದು ಬೀಗ ತೆಗೆಯೋದನ್ನ ನೆನೆಸಿಕೊಳ್ಳೋಕೂ ಆಗಲ್ಲ. ನನಗೆ ಇವರು ಬೇಕು.

ಮಾರ್ಚ್ ೧೧, ಮಂಗಳವಾರ

ಇಂಗ್ಲಿಷಿನವರ ಮಚ್ಚು ಮೆನಿ ಹಿಡಿದು ಕೂತಿದೀನಿ. ಮಗಳು ಹೇಳಿಕೊಡ್ತಾಳೆ. ನಮ್ಮಲ್ಲಿ ಎಲ್ಲಕ್ಕೂ ಒಂದೇ 'ಎಷ್ಟು'. ನೀರು ಎಷ್ಟು, ಲೋಟ ಎಷ್ಟು, ಜನ ಎಷ್ಟು, ಸಂಕಟ ಎಷ್ಟು. ಅವರು ಎಣಿಸೋದಕ್ಕೆ ಮೆನಿ ಅಂತಾರೆ, ಅಳೆಯೋದಕ್ಕೆ ಮಚ್ ಅಂತಾರೆ. ಅಯ್ಯೋ, ಇದು ನಮ್ಮ ಅಂಗಡಿಯ ಕೆಲಸವೇ ಅಲ್ವಾ, ಗುಂಡಿ ಮೆನಿ, ಬಟ್ಟೆ ಮಚ್ ಅಂದೆ. ಮಗಳು ಭಲೇ ಅಂದಳು. ಕೂದಲು ಮೆನಿ ಅಲ್ಲ, ಮಚ್ ಅಂತೆ. ನಿಮ್ಮಪ್ಪನ ತಲೆಯಲ್ಲಾದರೆ ಎಣಿಸಬಹುದಲ್ಲೇ ಅಂದೆ. ಇಬ್ಬರೂ ನಕ್ಕೆವು. ಇವರು ಸಿಟ್ಟಿನಿಂದ ನೋಡಿದರು, ಅಂದರೆ ಅರ್ಥ ಆಗ್ತಿದೆ. ಎಷ್ಟು ದಿನದ ಮೇಲೆ ನಕ್ಕದ್ದೋ.

ಎರಡನ್ನ ಪಕ್ಕಪಕ್ಕ ಇಡೋದಕ್ಕೆ ಅವರದು ಇನ್ನೂ ರಗಳೆ. ಚಿಕ್ಕ ಮಾತಾದರೆ ಹಿಂದೆ ಒಂದು ತುಂಡು ಹೊಲೀತಾರೆ, ಲಾಂಗರ್, ಶಾರ್ಟರ್. ದೊಡ್ಡ ಮಾತಾದರೆ ಮುಂದೆ ಒಂದು ಮೋರ್. ಸಮಸಮ ಅನ್ನಬೇಕಾದರೆ ಎರಡು ಕಡೆ ಗುಂಡುಪಿನ್ನು ಚುಚ್ಚಿದ ಹಾಗೆ ಒಂದು ಆ್ಯಸ್ ಆಚೆ, ಒಂದು ಆ್ಯಸ್ ಈಚೆ. ನಮ್ಮಲ್ಲಿ ಮಾತನ್ನ ಯಾರೂ ಕತ್ತರಿಸಲ್ಲ, ಪಕ್ಕದ ಮನೆಯವರನ್ನ ತೋರಿಸಿ 'ಅವರಿಗಿಂತ' ಅಂದರೆ ಮುಗೀತು.

ಇವರು ನಿನ್ನೆಗಿಂತ ಇವತ್ತು ಎರಡು ಮಾತು ಜಾಸ್ತಿ ಆಡಿದಾರೆ.

ಮಾರ್ಚ್ ೧೪, ಶುಕ್ರವಾರ

ಇವತ್ತು ಎದೆ ಒಡೆದುಹೋಯಿತು. ನೀರು ಎಷ್ಟು ಬೇಕು ಅಂದರೆ "ಮೋರ್ ದ್ಯಾನ್ ಎಸ್ಟರ್‌ಡೇ". ಎರಡು ಬಟ್ಟೆ ಹಿಡಿದು ಯಾವುದು ಉದ್ದ ಅಂದರೆ "ಮೋರ್ ದ್ಯಾನ್ ಎಸ್ಟರ್‌ಡೇ". ಇವಳು ಯಾರು ಅಂತ ಮಗಳನ್ನ ತೋರಿಸಿದರೂ ಅದೇ. ಮಗಳು ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಇಪ್ಪತ್ತೆಂಟಕ್ಕೆ ಹೀಗೇ ಅಂದರೆ ಭಾವ ಆವತ್ತೇ ಕಾರು ತರ್ತಾರೆ.

ಮಾರ್ಚ್ ೧೭, ಸೋಮವಾರ

ದಾರಿ ಸಿಕ್ಕಿತು. ಇವರೇ ಎಷ್ಟು ಮಕ್ಕಳನ್ನ ಹೀಗೆ ದಡ ಸೇರಿಸಿಲ್ಲ? ದಡ್ಡ ಹುಡುಗರಿಗೆ, ಅರ್ಥ ಆಮೇಲೆ ಆಗಲಿ, ಮೊದಲು ಉತ್ತರ ಬಾಯಿಪಾಠ ಮಾಡಿ ಅನ್ನೋರು. ಪರೀಕ್ಷೆಯಲ್ಲಿ ಏನು ಕೇಳ್ತಾರೆ ಅಂತ ಮೊದಲೇ ಊಹಿಸಿ ತಯಾರು ಮಾಡೋರು. ಆ ಹುಡುಗರೆಲ್ಲ ಪಾಸಾದರು.

ಮಾತಿನ ಡಾಕ್ಟರು ಪ್ರತಿ ಸಲ ಕೇಳೋದೂ ಹೆಚ್ಚು ಕಮ್ಮಿ ಅವೇ ಪ್ರಶ್ನೆ. ನಾನೂ ಮಗಳೂ ಕೂತು ಉತ್ತರ ಗೊತ್ತುಮಾಡಿದೆವು. ನೀರಿಗೆ, ಎ ಲಿಟಲ್ ವಾಟರ್ ಪ್ಲೀಸ್. ಬಿಸ್ಕತ್ತಿಗೆ, ಎ ಫ್ಯೂ ಬಿಸ್ಕೆಟ್ಸ್. ನಿದ್ದೆಗೆ, ಬೆಟರ್ ದ್ಯಾನ್ ಬಿಫೋರ್. ನೋವಿಗೆ, ಲೆಸ್ ದ್ಯಾನ್ ಎಸ್ಟರ್‌ಡೇ. ನೋವು ಕಮ್ಮಿ ಅಂದರೆ ಯಾರಿಗೆ ತಾನೆ ಸಂತೋಷ ಆಗಲ್ಲ? ಡಾಕ್ಟರಿಗೂ ಆಗುತ್ತೆ.

ಬೆಳಗ್ಗೆ ಒಂದು ಪಾಳಿ, ಸಂಜೆ ಒಂದು ಪಾಳಿ ಅಂತ ಶುರು ಮಾಡಿದೀವಿ.

ಮಾರ್ಚ್ ೨೦, ಗುರುವಾರ

ನೀರು, ಬಿಸ್ಕತ್ತು ಪಕ್ಕಾ ಆಯಿತು. ನಿದ್ದೆಯದು ನಡುವೆ ಜಾರುತ್ತೆ. ನೋವಿನದೇ ತಲೆನೋವು. ಲೆಸ್ ಅಂತ ಹೇಳಿಕೊಟ್ಟರೆ ಮೋರ್ ಅಂತಾರೆ. ಲೆಸ್ ಅಂತೀನಿ, ಮೋರ್ ಅಂತಾರೆ. ಕೈ ಬೇರೆ ಜಾಡಿಸ್ತಾರೆ. ಹಟ ಇವರಿಗೆ ಹುಟ್ಟಾ ಬಂದದ್ದು, ಕಾಯಿಲೆಗೆ ಅದನ್ನ ಕಿತ್ತುಕೊಂಡು ಹೋಗೋಕೆ ಆಗಲಿಲ್ಲ. ನಾನೂ ಬಿಡಲಿಲ್ಲ. ಕತ್ತರಿಯ ಹಿಡಿಯಿಂದ ಮೇಜಿಗೆ ಟಕ್ ಅಂತ ಕುಟ್ಟಿ, ಮತ್ತೆ ಹೇಳಿ ಅಂದೆ. ಹತ್ತು ಸಲ ಆದ ಮೇಲೆ ಕಣ್ಣು ಮುಚ್ಚಿಕೊಂಡು ಲೆಸ್ ದ್ಯಾನ್ ಎಸ್ಟರ್‌ಡೇ ಅಂದರು. ಆವಾಗ ಬಿಸ್ಕತ್ತು ಕೊಟ್ಟೆ.

ಅಡುಗೆಮನೆಯಲ್ಲಿ ಮಗಳು, ಅಮ್ಮಾ ನೀನು ಥೇಟ್ ಅಪ್ಪನ ಥರಾನೇ ಆಗ್ತಿದೀಯ ಅಂದಳು. ಇಂಗ್ಲಿಷ್ ಅಷ್ಟು ಚೆನ್ನಾಗಿ ಬರ್ತಿದೆಯಾ ಅಂತ ಕೇಳಿದೆ. ಅವಳು ನಲ್ಲಿ ತಿರುಗಿಸಿ ಪಾತ್ರೆ ಉಜ್ಜೋಕೆ ನಿಂತಳು.

ಸಾಕ್ಸ್ ಕಳಚುವಾಗ ಬಲಗಾಲಿನ ಮೇಲೆ ಎಲಾಸ್ಟಿಕ್ಕಿನ ಗುರುತು ಆಳವಾಗಿ ಬಿದ್ದಿತ್ತು. ಹೊಸ ಸಾಕ್ಸ್ ತರಬೇಕು.

ಮಾರ್ಚ್ ೨೪, ಸೋಮವಾರ

ಒಂದೇ ಒಂದು ತಪ್ಪಿಲ್ಲದೆ ಪೂರ್ತಿ ಹೇಳಿದರು. ಎರಡು ಸಲ. ನಾನು ಕಣ್ಣೀರು ಹಾಕಿಕೊಂಡು ಚಪ್ಪಾಳೆ ತಟ್ಟಿದೆ. ನನಗೇ ನಂಬೋಕೆ ಆಗ್ತಿಲ್ಲ, ಇವರ ಎದುರು ಕೂತು ನಾನು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳ್ತೀನಿ, ಇವರು ಉತ್ತರ ಕೊಡ್ತಾರೆ. ಈಗ ಜಾಸ್ತಿ ತಂಟೆಯೂ ಮಾಡಲ್ಲ. ಕೈ ಜಾಡಿಸೋದೂ ನಿಂತಿದೆ. ಸುಮ್ಮನೆ ಹೇಳಿಬಿಟ್ಟು ಗೋಡೆ ಕಡೆ ತಿರುಗಿಕೊಳ್ತಾರೆ.

ಪೈಜಾಮ ಒಗೆದು ಒಗೆದು ಕುಗ್ಗಿರಬೇಕು, ಬಲಗಾಲು ಬಿಗಿ ಆಗ್ತಿತ್ತು. ಆ ಕಡೆಯ ಹೊಲಿಗೆ ಬಿಚ್ಚಿ ಎರಡು ಬೆರಳು ಅಗಲ ಬಿಟ್ಟು ಹೊಲಿದೆ. ಹಾಕಿದ ಮೇಲೆ ಸರಿಹೋಯಿತು.

ಮಾರ್ಚ್ ೨೭, ಗುರುವಾರ

ನಾಳೆ. ಶರ್ಟು ಇಸ್ತ್ರಿ ಮಾಡಿಟ್ಟೆ. ಸ್ವಂತ ಪರೀಕ್ಷೆಗೂ ನಾನು ಇಷ್ಟು ಹೆದರಿದವಳಲ್ಲ. ದೇವರೇ, ಆ ನಿದ್ದೆಯ ಪ್ರಶ್ನೆ ಒಂದು ಬರದೇ ಇರಲಿ.

ಮಾರ್ಚ್ ೨೮, ಶುಕ್ರವಾರ

ಆಸ್ಪತ್ರೆಯಲ್ಲೇ ಉಳಿಸಿಕೊಂಡಿದಾರೆ. ಮಿಕ್ಕದ್ದು ಆಮೇಲೆ ಬರೀತೀನಿ.

ಮಾರ್ಚ್ ೩೦, ಭಾನುವಾರ

ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದೀನಿ. ಮಗಳು ಒಳಗಿದಾಳೆ. ನಡೆದದ್ದನ್ನ ನಡೆದ ಹಾಗೇ ಬರೀತೀನಿ.

ಶುಕ್ರವಾರ ಎಲ್ಲ ಚೆನ್ನಾಗೇ ಶುರುವಾಯಿತು. ಮಾತಿನ ಡಾಕ್ಟರು ನೀರಿನದು ಕೇಳಿದರು, ಇವರು ಹೇಳಿದರು. ಬಿಸ್ಕತ್ತು, ಹೇಳಿದರು. ನಿದ್ದೆಯನ್ನೂ ಹೇಳಿದರು. ಮಾತಿನ ಡಾಕ್ಟರ ಮುಖ ಅರಳಿತು. ಭಾವ ನನ್ನ ಕಡೆ ನೋಡಿ ತಲೆಯಾಡಿಸಿದರು. ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಆಮೇಲೆ ಅಲ್ಲಿನ ವ್ಯಾಯಾಮ ಮಾಡಿಸೋ ಹುಡುಗಿ ಬಂದು, ನಡೆಸಿ ನೋಡೋಣ ಅಂತ ಇವರ ಬಲಗಾಲನ್ನ ಮೆಟ್ಟಿಲ ಹಲಗೆಯ ಮೇಲೆ ಎತ್ತಿ ಇಟ್ಟಳು. ಇವರ ಮುಖ ಕಿವುಚಿಕೊಂಡಿತು, ಹಣೆಯಲ್ಲಿ ಬೆವರು ಒಡೆಯಿತು. ಪೇನ್ ಇದೆಯಾ ಸರ್ ಅಂತ ಮಾತಿನ ಡಾಕ್ಟರು ಕೇಳಿದರು. ಇವರು ಹಲ್ಲು ಕಚ್ಚಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, "ಲೆಸ್ ದ್ಯಾನ್ ಎಸ್ಟರ್‌ಡೇ" ಅಂದರು. ನಿನ್ನೆ ಎಷ್ಟಿತ್ತು ಅಂತ ಕೇಳಿದರು. "ಲೆಸ್ ದ್ಯಾನ್ ಎಸ್ಟರ್‌ಡೇ." ಆ ಹುಡುಗಿ ಬಗ್ಗಿ ಕಾಲು ಮುಟ್ಟಿದಳು. ಕೈ ಹಿಂದಕ್ಕೆ ತೆಗೆದಳು. ಪೈಜಾಮದ ಎರಡೂ ಕಾಲನ್ನ ಮೇಲೆ ಸುತ್ತಿದಳು.

ಬಲಗಾಲು ಎಡಗಾಲಿಗಿಂತ ಎಷ್ಟು ದಪ್ಪ ಇತ್ತು ಅಂದರೆ, ಬಾಗಿಲಲ್ಲಿ ನಿಂತವರಿಗೂ ಕಾಣೋಷ್ಟು.

ರಕ್ತ ಹೆಪ್ಪುಗಟ್ಟಿದೆ. ಓಡಾಟ ಇಲ್ಲದ ಕಾಲಲ್ಲಿ ಹೀಗಾಗುತ್ತಂತೆ. ಅದು ಒಡೆದು ಮೇಲಕ್ಕೆ ಹೋಗಿ ಎದೆಯಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಸಂಚಕಾರ. ಎಷ್ಟು ದಿನದಿಂದ ಹೀಗಿದೆ ಅಂತ ದೊಡ್ಡ ಡಾಕ್ಟರು ಕೇಳಿದರು. ಹೊಲಿಗೆ ಬಿಚ್ಚಿದ ದಿನ ನೆನಪಾಯಿತು. ಅಂಗಡಿಗೆ ಬಂದವರ ಸೊಂಟವನ್ನ ಬರೀ ಕಣ್ಣಲ್ಲಿ ಅಳೆದು ಹೇಳೋಳು ನಾನು. ಗಂಡನ ಕಾಲು ಊದಿದ್ದಕ್ಕೆ ಪೈಜಾಮ ಅಗಲ ಮಾಡಿದೆ.

ದಿನಾ ಇವರನ್ನ ನಿನ್ನೆಯ ಜೊತೆ ಹೋಲಿಸ್ತಾ ಕೂತೆ. ಒಂದು ಕಾಲನ್ನ ಇನ್ನೊಂದು ಕಾಲಿನ ಜೊತೆ ಹೋಲಿಸಿ ನೋಡಬೇಕು ಅಂತ ಹೊಳೆಯಲಿಲ್ಲ. ಮೋರ್, ಮೋರ್ ಅಂತ ಕೈ ಜಾಡಿಸಿ ಹೇಳಿದರಲ್ಲ, ಅದು ಹಟ ಅಲ್ಲ. ಅದೇ ನಿಜವಾದ ಉತ್ತರ. ಅದಕ್ಕೆ ನಾನು ಕತ್ತರಿಯಲ್ಲಿ ಟಕ್ ಅಂತ ಕುಟ್ಟಿದೆ.

ಮಾತಿನ ಡಾಕ್ಟರಿಗೆ ಎಲ್ಲ ಹೇಳಿದೆ, ಬಾಯಿಪಾಠ ಮಾಡಿಸಿದ್ದು, ಬಿಸ್ಕತ್ತು ಕೊಟ್ಟದ್ದು. ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ, "ಇವರು ಹೇಳ್ತಿರೋದು ಇವರ ಮಾತಲ್ಲಮ್ಮ, ನಿಮ್ಮದು. ಒಬ್ಬರೇ ಮನೆಯಲ್ಲಿರಲಿ ಅಂತ ನಾನು ಹೇಗೆ ಹೇಳಲಿ?" ಅಂದರು.

ಏಪ್ರಿಲ್ ೨, ಬುಧವಾರ

ರಕ್ತ ತೆಳುವಾಗೋಕೆ ಔಷಧ ಕೊಡ್ತಿದಾರೆ. ಊತ ಇಳೀತಿದೆ ಅಂತಾರೆ. ಇವರು ಕೆಮ್ಮಿದರೆ ಸಾಕು, ನಾನು ಎದ್ದು ನಿಲ್ತೀನಿ.

ಬೆಳಗ್ಗೆ ನರ್ಸು ನೋವಿದೆಯಾ ಅಂದರು. ಲೆಸ್ ದ್ಯಾನ್ ಎಸ್ಟರ್‌ಡೇ. ಮಧ್ಯಾಹ್ನ ದೊಡ್ಡ ಡಾಕ್ಟರು ಕೇಳಿದರು. ಅದೇ. ಸೂಜಿ ಚುಚ್ಚುವಾಗಲೂ ಅದೇ. ಈಗ ಅದನ್ನ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ನಿಜವಾಗಿ ಕಮ್ಮಿಯಾದರೂ ಹೇಳೋಕೆ ಇವರ ಹತ್ತಿರ ಬೇರೆ ಮಾತಿಲ್ಲ. ಇದ್ದ ಒಂದು ಕಿಟಕಿಗೂ ನಾನೇ ಮೊಳೆ ಹೊಡೆದೆ. ಭಾವ, ತಮ್ಮನನ್ನ ಗಿಳಿ ಮಾಡಿಟ್ಟಿದೀಯ ಅಂದರು. ನಾನು ಔಷಧದ ಚೀಟಿ ತಗೊಂಡು ಕೆಳಗಿಳಿದೆ.

ಏಪ್ರಿಲ್ ೫, ಶನಿವಾರ

ನಿನ್ನೆ ಮನೆಗೆ ಬಂದೆವು. ಜೆರಾಕ್ಸಿನವರು ಮತ್ತೆ ಹೊತ್ತರು.

ಭಾವ ಎಲ್ಲ ಗೊತ್ತುಮಾಡಿದಾರೆ. ಬುಧವಾರ ಬೆಳಗ್ಗೆ ಕಾರು ಬರುತ್ತೆ. ಇವರ ಹತ್ತಿರ ಕೂತು, ನಿಧಾನವಾಗಿ, ಅಲ್ಲಿ ಗಾಳಿ ಬೆಳಕು ಚೆನ್ನಾಗಿದೆ, ನಿನ್ನ ವಯಸ್ಸಿನವರು ತುಂಬ ಜನ ಇದಾರೆ, ಮನೆಗಿಂತ ಬೆಟರ್ ಕಣೋ ಅಂದರು. ಬೆಟರ್ ಅನ್ನೋದು ಕಿವಿಗೆ ಬಿದ್ದಿದ್ದೇ ತಡ, ಇವರು "ಬೆಸ್ಟ್" ಅಂದುಬಿಟ್ಟರು. ಗುಡ್ ಬೆಟರ್ ಬೆಸ್ಟ್, ಅಷ್ಟೇ ಅದು. ಮಗಳು, ದೊಡ್ಡಪ್ಪಾ ಅದು ಒಪ್ಪಿಗೆ ಅಲ್ಲ, ಮಗ್ಗಿ ಅಂದಳು. ಭಾವ ಕೇಳಲಿಲ್ಲ. ನೋಡು, ಅವನೇ ಒಪ್ಪಿದಾನೆ ಅಂತ ಎದ್ದರು. ಅವರಿಗೂ ಕಣ್ಣು ಒದ್ದೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ನಾನು ಜಗಳ ಆಡಬೇಕಿತ್ತು. ಯಾವ ಮುಖ ಇಟ್ಟುಕೊಂಡು ಆಡಲಿ? ನನ್ನ ಕೈಯಲ್ಲಿ ಬಿಟ್ಟಿದ್ದಕ್ಕೆ ಏನಾಯಿತು ಅಂತ ಎಲ್ಲರೂ ನೋಡಿದಾರೆ.

ಏಪ್ರಿಲ್ ೭, ಸೋಮವಾರ

ನಾನು ಈಗ ಏನೂ ಕೇಳಲ್ಲ. ಏನು ಕೇಳಿದರೂ ಆ ಹಾಳು ಉತ್ತರವೇ ಬರುತ್ತೆ ಅಂತ ಹೆದರಿಕೆ. ಎರಡೂ ಕಾಲನ್ನ ಮುಟ್ಟಿ ನೋಡ್ತೀನಿ, ಮುಖ ನೋಡ್ತೀನಿ. ಹಾಸಿಗೆ ಪಕ್ಕ ಕೂತು ಅಂಗಡಿಯ ಕಥೆ ಹೇಳ್ತೀನಿ, ಕನ್ನಡದಲ್ಲೇ. ತೆಳ್ಳಗಿದ್ದಾಗ ಹೊಲಿಸಿದ ಹಳೇ ಸೂಟು ತಂದು, ನಾನು ದಪ್ಪ ಆಗಿಲ್ಲ, ಸೂಟೇ ಚಿಕ್ಕದಾಗಿದೆ ಅಂತ ನನ್ನ ಜೊತೆ ವಾದ ಮಾಡಿದ ದೊಡ್ಡ ಮನುಷ್ಯನ ಕಥೆ ಹೇಳಿದೆ. ಇವರ ತುಟಿಯ ಒಂದು ಕೊನೆ ಮೇಲಕ್ಕೆ ಹೋಯಿತು. ನನ್ನ ಕಥೆಯನ್ನ ಇವರು ನಡುವೆ ಬಾಯಿ ಹಾಕದೆ ಕೊನೆವರೆಗೂ ಕೇಳಿದ್ದು ಇದೇ ಮೊದಲು. ನಾನು ಇವರ ಜೊತೆ ಇಷ್ಟು ಹೊತ್ತು ಕೂತದ್ದೂ ಇದೇ ಮೊದಲಿರಬೇಕು.

ನಾಡಿದ್ದು ಬುಧವಾರ. ಬ್ಯಾಗು ತುಂಬೋಕೆ ಶುರು ಮಾಡಿ, ಬಿಟ್ಟು, ಮತ್ತೆ ಶುರು ಮಾಡಿದೆ.

ಏಪ್ರಿಲ್ ೯, ಬುಧವಾರ

ಭಾವ ಹೇಳಿದ ಹೊತ್ತಿಗಿಂತ ಮೊದಲೇ ಬಂದರು. ಕಾರು ಕೆಳಗೆ ನಿಂತಿತ್ತು. ಮಗಳು ರಜೆ ಹಾಕಿದ್ದಳು. ನಾನು ಇವರನ್ನ ತೋಳು ಹಿಡಿದು ಎಬ್ಬಿಸಿ ಕೂರಿಸಿ ಶರ್ಟು ತೊಡಿಸ್ತಿದ್ದೆ. ಬಲಗೈಯನ್ನ ತೋಳಿನೊಳಗೆ ತೂರಿಸುವಾಗ ಇವರ ಉಸಿರು ಕಟ್ಟಿದ ಹಾಗಾಯಿತು. ನಾನು ನಿಲ್ಲಿಸಿ ಮುಖ ನೋಡಿದೆ. ಏನೂ ಕೇಳಲಿಲ್ಲ.

ಭಾವ ಬ್ಯಾಗು ಕೈಗೆತ್ತಿಕೊಂಡು, ಪ್ರಯಾಣದ ಮುಂಚೆ ಮಗುವನ್ನ ರಮಿಸೋ ಹಾಗೆ, "ಏನಪ್ಪಾ, ಪೇನ್ ಹೇಗಿದೆ? ಲೆಸ್ ದ್ಯಾನ್ ಎಸ್ಟರ್‌ಡೇ, ಅಲ್ವಾ?" ಅಂದರು. ಅವರಿಗೂ ಅದು ಬಾಯಿಪಾಠ ಆಗಿಹೋಗಿದೆ.

ಇವರು ಬಾಯಿ ತೆರೆದರು. "ಲೆ" ಅಂದರು. ನಾನು ನೆಲ ನೋಡಿದೆ. ಆಮೇಲೆ ಏನೂ ಕೇಳಿಸಲಿಲ್ಲ. ತಲೆಯೆತ್ತಿದರೆ, ಇವರ ಕತ್ತಿನ ನರ ಉಬ್ಬಿದೆ, ಬಾಯಿ ಹಾಗೇ ತೆರೆದಿದೆ, ತಲೆ ಅಡ್ಡಡ್ಡ ಆಡ್ತಿದೆ. ನನಗೆ ಹೇಳಿಕೊಡಬೇಕು ಅನ್ನಿಸಿತು. ನಾಲಿಗೆ ಕಚ್ಚಿಕೊಂಡು ಸುಮ್ಮನಾದೆ. ಕೆಳಗೆ ಕಾರಿನವನು ಹಾರನ್ ಹೊಡೆದ.

"ನೋ" ಅಂದರು. ಮತ್ತೆ ಎಷ್ಟೋ ಹೊತ್ತು. "ನೋ... ಜಾಸ್ತಿ."

ಮಗಳು ಬಾಗಿಲಲ್ಲಿ ಬಂದು ನಿಂತಳು.

"ಜಾಸ್ತಿ ನೋವು" ಅಂದರು.

ಭಾವ ಬ್ಯಾಗು ಕೆಳಗಿಟ್ಟರು. ಇವರ ಮುಂದೆ ಮಂಡಿಯೂರಿ ಕೂತು, ನಾನು ಯಾವತ್ತೂ ಕೇಳಿರದ ದನಿಯಲ್ಲಿ, "ಎಲ್ಲೋ? ಕಾಲಾ?" ಅಂತ ಕೇಳಿದರು. ಇವರು ತಲೆಯಾಡಿಸಿದರು, ಅಲ್ಲ ಅಂತ. ಎಡಗೈ ಎದೆಯ ಮೇಲಿಂದ ಹಾದು ಬಂತು. ಎದೆಯಾ ಅಂತ ನನ್ನ ರಕ್ತವೇ ನಿಂತುಹೋಯಿತು. ಕೈ ಅಲ್ಲಿ ನಿಲ್ಲದೆ ಬಲಹೆಗಲಿಗೆ ಹೋಗಿ ಒತ್ತಿ ಹಿಡೀತು. "ಇಲ್ಲಿ. ದಿನಾ."

ದಿನಾ ಎಬ್ಬಿಸುವಾಗ ಆ ತೋಳನ್ನೇ ಹಿಡಿದು ಎಳೀತಿದ್ದೆ ನಾನು. ಮಗಳೂ ಹಾಗೇ. ಇಷ್ಟು ದಿನ ಎಲ್ಲರೂ ಕಾಲು ನೋಡಿದೆವು, ಹೆಗಲನ್ನ ಯಾರೂ ಮುಟ್ಟಿ ನೋಡಲಿಲ್ಲ. ಇವರು ಹೇಳದಿದ್ದರೆ ಯಾರಿಗೂ ಗೊತ್ತಾಗ್ತಾನೇ ಇರಲಿಲ್ಲ. ನಾನು ಅಲ್ಲೇ ಕೂತು ಜೋರಾಗಿ ಅತ್ತುಬಿಟ್ಟೆ. ಗಂಡ ಜಾಸ್ತಿ ನೋವು ಅಂದದ್ದಕ್ಕೆ ಇಷ್ಟು ಖುಷಿಪಟ್ಟ ಹೆಂಡತಿ ಇನ್ನೊಬ್ಬಳು ಇರಲಾರಳು.

ಅರ್ಧ ಹಾಕಿದ ಶರ್ಟನ್ನ ತೆಗೀಬೇಕಿತ್ತು. ತೋಳನ್ನ ಹಿಡಿದು ಒಂದೊಂದೇ ಬೆರಳಷ್ಟು ಜಾರಿಸಿದೆ. "ಮೆಲ್ಲಗೆ" ಅಂದರು. ಇನ್ನೂ ನಿಧಾನ ಮಾಡಿದೆ. "ಇನ್ನೂ ಮೆಲ್ಲಗೆ." ಆಗಲಿ ಮೇಷ್ಟ್ರೇ ಅಂದೆ.

ಮಗಳು ಮಾತಿನ ಡಾಕ್ಟರಿಗೆ ಫೋನ್ ಮಾಡಿದಳು. ಅವರು ಎರಡೆರಡು ಸಲ ಕೇಳಿದರಂತೆ, ನೀವು ಯಾರೂ ಹೇಳಿಕೊಡಲಿಲ್ಲ ತಾನೆ, ನಿಜವಾಗಿ ಅವರೇ ಹೇಳಿದರಾ ಅಂತ. ನಾಳೆ ಕರಕೊಂಡು ಬನ್ನಿ, ಹೆಗಲನ್ನೂ ತೋರಿಸೋಣ, ಎಲ್ಲಿಗೂ ಕಳಿಸಬೇಡಿ ಅಂದರು. ನನ್ನ ಕೆಲಸ ಏನಾಗುತ್ತೋ ಗೊತ್ತಿಲ್ಲ, ಅರ್ಧ ದಿನ ಬರ್ತೀನಿ ಅಂತ ಮ್ಯಾನೇಜರನ್ನ ಕೇಳಬೇಕು. ಭಾವ ಬಾಲ್ಕನಿಗೆ ಹೋಗಿ, ಕಾರಿನವನಿಗೆ, ನೀನು ಹೋಗಪ್ಪಾ ಅಂತ ಕೂಗಿ ಹೇಳಿದರು. ಒಳಗೆ ಬಂದು ಬ್ಯಾಗಿನಿಂದ ಬಟ್ಟೆ ತೆಗೆದು ಕಪಾಟಿನಲ್ಲಿ ಇಟ್ಟರು, ಎಲ್ಲವನ್ನೂ ತಪ್ಪು ಜಾಗದಲ್ಲಿ.

ಈಗ ಇವರು ಮಲಗಿದಾರೆ. ಹೆಗಲ ಕೆಳಗೆ ಒಂದು ದಿಂಬು ಕೊಟ್ಟಿದೀನಿ. ಎದ್ದ ಮೇಲೆ ಹೇಗಿದೆ ಅಂತ ಕೇಳಬೇಕು. ಏನು ಹೇಳ್ತಾರೋ, ನನಗೆ ಗೊತ್ತಿಲ್ಲ.